ಸಂದಿಯಲ್ಲಿ ಸುರಿದ ಒಂದು ಬುಟ್ಟಿ ಬೂದಿ

ಆಡಬೇಕಾದ ಒಂದು ಮಾತನ್ನು ಆಡಬೇಕಾದ ದಿನ ನಾನು ಆಡಲಿಲ್ಲ. ನಮ್ಮಣ್ಣ ಬಸಣ್ಣನ ಮೇಲೆ, ಪಕ್ಕದವರ ಶೆಡ್ಡಿಗೆ ಬೆಂಕಿ ಹಚ್ಚಿದ ಅಂತ ಕೇಸು ನಡೆದಾಗ ಆ ಬೆಂಕಿ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆ. ಅದು ೧೯೫೮ರ ಬೇಸಿಗೆ. ನಾವಿದ್ದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ. ನನಗೆ ಆಗ ಹದಿನೆಂಟು ವರ್ಷ.

ಅಪ್ಪ ತೀರಿಕೊಂಡ ಮೇಲೆ ಹಿತ್ತಲಿನ ಭಟ್ಟಿಯನ್ನು ಅವ್ವ ಮತ್ತು ನಾನು ನಡೆಸುತ್ತಿದ್ದೆವು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಭಟ್ಟಿಯ ಬಾಯಿಗೆ ಭತ್ತದ ಹೊಟ್ಟು ಹಾಕಲು ಕೂತವಳು. ಬಸಣ್ಣ ನನಗಿಂತ ಆರು ವರ್ಷ ದೊಡ್ಡವನು. ಬಟ್ಟೆ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುತ್ತಿದ್ದ.

ನಮ್ಮ ಪಕ್ಕದ ಮನೆಯವರು ರುದ್ರಪ್ಪಣ್ಣ. ಗಾದಿ ಹೊಲಿಯುವುದು ಅವರ ಕಸುಬು. ಮನೆಗೆ ಹೊಂದಿಕೊಂಡಂತೆ ಬಿದಿರು ತಟ್ಟಿಯ ಶೆಡ್ಡು ಕಟ್ಟಿ, ಜಿನ್ನಿಂಗ್ ಫ್ಯಾಕ್ಟರಿಯಿಂದ ತಂದ ಹತ್ತಿಯನ್ನು ಅದರಲ್ಲಿ ಮಾಡಿನ ತನಕ ತುಂಬಿರುತ್ತಿದ್ದರು. ಅವರ ಶೆಡ್ಡಿಗೂ ನಮ್ಮ ಹಿತ್ತಲಿಗೂ ನಡುವೆ ಒಬ್ಬರು ಓಡಾಡುವಷ್ಟು ಸಂದಿ. ಅವರು ಹಳೇ ಗಾದಿ ಬಟ್ಟೆ ಒಗೆದ ನೀರು ಆ ಸಂದಿಗೆ ಇಳಿದು ನಮ್ಮ ಹೊಟ್ಟಿನ ರಾಶಿಯನ್ನು ನೆನೆಸುತ್ತಿತ್ತು. ನೆನೆದ ಹೊಟ್ಟು ಉರಿಯುವುದಿಲ್ಲ, ಬರೀ ಹೊಗೆ. ಇದಕ್ಕೇ ವಾರಕ್ಕೊಂದು ಜಗಳ.

ಒಂದು ದಿನ ಬೆಳಿಗ್ಗೆ ಪಾಳಿ ಮುಗಿಸಿ ಬಂದ ಬಸಣ್ಣ, ನೆನೆದ ಹೊಟ್ಟು ನೋಡಿ ಓಣಿಯಲ್ಲೇ ನಿಂತು ಕೂಗಿದ. "ರುದ್ರಪ್ಪಣ್ಣ, ಇನ್ನೊಂದು ಸಲ ನೀರು ಬಂದ್ರೆ ನಿನ್ನ ಶೆಡ್ಡಿಗೆ ಬೆಂಕಿ ಇಡ್ತೀನಿ ನೋಡು."

ರುದ್ರಪ್ಪಣ್ಣ ಸೂಜಿಗೆ ದಾರ ಪೋಣಿಸುತ್ತಾ ಕೂತಲ್ಲಿಂದಲೇ ಹೇಳಿದರು. "ಇಡಪ್ಪ. ಕಡ್ಡಿಪೆಟ್ಟಿಗೆ ಬೇಕಾದ್ರೆ ನಾನೇ ಕೊಡ್ತೀನಿ."

ನಿಂತಿದ್ದವರೆಲ್ಲ ನಕ್ಕರು. ಬಸಣ್ಣನೂ ನಕ್ಕು ಒಳಗೆ ಬಂದು ಮಲಗಿದ.

ನಾಲ್ಕು ದಿನ ಕಳೆದ ಮೇಲೆ ಅವ್ವ ತನ್ನ ಅಕ್ಕನ ಮನೆಗೆ ನಂದಿಗುಡಿಗೆ ಹೋದಳು. ಭಟ್ಟಿಗೆ ನಾನೊಬ್ಬಳೇ. ಭಟ್ಟಿಯವರಿಗೆಲ್ಲ ಒಂದು ಕಟ್ಟುನಿಟ್ಟು ಇರುತ್ತದೆ. ಒಲೆಯಿಂದ ತೆಗೆದ ಹೊಟ್ಟಿನ ಬೂದಿಗೆ ಕೊಡಗಟ್ಟಲೆ ನೀರು ಸುರಿದು, ಗುಂಡಿಯಲ್ಲಿ ಎರಡು ದಿನ ಬಿಟ್ಟು, ಆಮೇಲೆ ಹೊರಗೆ ಚೆಲ್ಲಬೇಕು. ಈ ಬೂದಿ ಮೇಲೆ ತಣ್ಣಗೆ, ಬೆಳ್ಳಗೆ ಇರುತ್ತದೆ. ಒಳಗೆ ಕೆಂಡ ಮೆಲ್ಲಗೆ ನಡೆಯುತ್ತಿರುತ್ತದೆ. ಇದನ್ನು ಅಪ್ಪ ನನಗೆ ನಡೆಯಲು ಬಂದಾಗಿನಿಂದ ಹೇಳಿಕೊಟ್ಟಿದ್ದ.

ಆ ಮಧ್ಯಾಹ್ನ ಸಂದಿಯಿಂದ ಮತ್ತೆ ನೀರು ಬಂತು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಗುಂಡಿಯೂ ತುಂಬಿತ್ತು, ನೀರಿಗೆ ನಲ್ಲಿಯ ತನಕ ಹೋಗಬೇಕಾಗಿತ್ತು. ಬೆಳಿಗ್ಗೆ ತೆಗೆದ ಬೂದಿಯ ಮೇಲೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಕಬ್ಬಿಣದ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ, ಅವರ ತಟ್ಟಿಗೆ ಒತ್ತಿ ಬದುವಿನ ಹಾಗೆ ಸುರಿದೆ. ನೀರು ನಿಂತಿತು. ಇನ್ನು ಬರಲಿ ನೋಡೋಣ ಅಂದುಕೊಂಡು ಕೈ ಕೊಡವಿಕೊಂಡು ಬಂದೆ. ನೀರು ತಾಗಿದ್ದು ಬದುವಿನ ಒಂದು ಕಡೆಗೆ ಮಾತ್ರ. ತಟ್ಟಿಯ ಕಡೆಗೆ ಹನಿಯೂ ತಾಗಿರಲಿಲ್ಲ.

ಮಾರನೇ ದಿನ ಎರಡು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ನಾನು ಪಡಸಾಲೆಯಲ್ಲಿ ಅಕ್ಕಿ ಕೇರುತ್ತಿದ್ದೆ. ಬಟ್ಟೆ ಸುಟ್ಟ ವಾಸನೆ ಬಂತು. ಹೊರಗೆ ಬಂದು ನೋಡುವುದರೊಳಗೆ ರುದ್ರಪ್ಪಣ್ಣನ ಶೆಡ್ಡಿನ ತಟ್ಟಿ ಪೂರಾ ಹತ್ತಿಕೊಂಡಿತ್ತು. ಹತ್ತಿ ಸುಡುವಾಗ ಸದ್ದು ಮಾಡುವುದಿಲ್ಲ. ಜನ ಮಾಡಿದ್ದೇ ಸದ್ದು. ಮಲಗಿದ್ದ ಬಸಣ್ಣ ಬನಿಯನ್ನಿನಲ್ಲೇ ಎದ್ದು ಓಡಿದ. ಕೊಡ ಹಿಡಿದವರು ಬಾಗಿಲಲ್ಲಿ ನಿಂತಿದ್ದಾಗ ಅವನು ಒಳಗೇ ನುಗ್ಗಿ ರುದ್ರಪ್ಪಣ್ಣನ ಹೊಲಿಗೆ ಮಷೀನನ್ನು ಎಳೆದುಕೊಂಡು ಹೊರಗೆ ಬಂದ. ಅವನ ಹುಬ್ಬು ಎರಡೂ ಸುಟ್ಟಿದ್ದವು. ಶೆಡ್ಡು ಉಳಿಯಲಿಲ್ಲ. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಸಂದಿಗೆ ಹೋಗಿ ನೋಡಿದೆ. ನನ್ನ ಬೂದಿಯ ಬದು ಜನರ ಕಾಲಿಗೆ ಸಿಕ್ಕು, ನೀರಿಗೆ ಸಿಕ್ಕು ಕೆಸರಾಗಿ ಹೋಗಿತ್ತು. ನನಗೆ ಆಗಲೇ ತಿಳಿಯಿತು.

ಅವತ್ತೇ ಸಂಜೆ ಪೊಲೀಸಿನವರು ಬಂದು, ಈ ಮನೆಯ ಮೇಲೆ ಯಾರಿಗೆ ಹಗೆ ಇತ್ತು ಅಂತ ಕೇಳಿದರು. ನಾಲ್ಕು ಜನ ಬಸಣ್ಣ ಬೈದದ್ದನ್ನು ಹೇಳಿದರು. ಅವನ ಅಂಗಿಯ ಜೇಬಿನಲ್ಲಿ ಬೀಡಿ, ಕಡ್ಡಿಪೆಟ್ಟಿಗೆ ಸಿಕ್ಕಿತು. "ಮಷೀನು ತಂದು ಕೊಟ್ಟಾನ್ರೀ," ಅಂತ ರುದ್ರಪ್ಪಣ್ಣ ಅಳುತ್ತಲೇ ಒಂದು ಮಾತು ಅಂದರು. ದಫೇದಾರರು ಬಸಣ್ಣನ ಹುಬ್ಬು ತೋರಿಸಿ, "ಹಚ್ಚುವಾಗ ಸುಟ್ಟಿದ್ದೋ ಆರಿಸುವಾಗ ಸುಟ್ಟಿದ್ದೋ ಯಾರು ಕಂಡಾರೆ?" ಅಂದರು. ಅವನನ್ನು ಕರೆದುಕೊಂಡು ಹೋದರು.

ನಾನು ಯಾಕೆ ಹೇಳಲಿಲ್ಲ? ಹರಿಹರದಲ್ಲಿ ನನಗೆ ಗಂಡು ಗೊತ್ತಾಗಿತ್ತು. ಶ್ರಾವಣ ಕಳೆದ ಮೇಲೆ ಮದುವೆ. ಪೊಲೀಸು ಕಾಗದದಲ್ಲಿ ಹುಡುಗಿಯ ಹೆಸರು ಬಂದರೆ ಸಂಬಂಧ ಮುರಿಯುತ್ತದೆ ಅಂತ ಹೆದರಿದೆ. ಮೊದಲನೇ ದಿನ, ಸಂಜೆಗೆ ಬಿಟ್ಟು ಕಳಿಸುತ್ತಾರೆ ಅಂದುಕೊಂಡೆ. ಎರಡನೇ ದಿನ, ಅವ್ವ ಊರಿಂದ ಬರಲಿ ಅಂದುಕೊಂಡೆ. ಅವ್ವ ಬಂದು ಅಳುವುದನ್ನು ನೋಡಿ, ನಾಳೆ ಹೇಳೋಣ ಅಂದುಕೊಂಡೆ. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು.

ನಮ್ಮ ಓಣಿಯಲ್ಲಿ ಇಮಾಮ್ ಸಾಬರು ಅಂತ ಭಟ್ಟಿ ಕೆಲಸದಲ್ಲಿ ಎಲ್ಲರಿಗಿಂತ ಹಳಬರಿದ್ದರು. ಅವರೇ ಒಬ್ಬ ವಕೀಲರನ್ನು ಮನೆಗೆ ಕರೆತಂದರು. ಊರಿಗೆ ಹೊಸಬರು, ಮೂವತ್ತರ ಒಳಗಿನ ವಯಸ್ಸು. ಸೈಕಲ್ಲಿನ ಮೇಲೆ ಬರುತ್ತಿದ್ದರು. ಅವರ ಕರಿ ಕೋಟಿನ ಕಾಲರು ಸವೆದಿತ್ತು. ಅವರನ್ನು ಕಂಡರೆ ಧೈರ್ಯ ಬರುವ ಹಾಗೇನೂ ಇರಲಿಲ್ಲ. ಆದರೆ ಅವರಷ್ಟು ಸಮಾಧಾನವಾಗಿ, ನಮ್ಮಂಥವರಿಗೂ ತಿಳಿಯುವ ಹಾಗೆ ಮಾತಾಡಿದವರನ್ನು ನಾನು ಈ ತನಕ ನೋಡಿಲ್ಲ. ಹನ್ನೊಂದನೇ ದಿನಕ್ಕೆ ಅವರು ಬಸಣ್ಣನನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದರು.

ಅವ್ವ ಅವರನ್ನು ಕೇಳಿದಳು. "ನಮ್ಮುಡುಗ ಹಚ್ಚಿಲ್ಲ ಅಂತ ಹೆಂಗೆ ತೋರ್ಸೋದ್ರಿ? ಹಚ್ಚದೇ ಇದ್ದುದನ್ನ ಯಾರು ನೋಡಿರ್ತಾರೆ?"

"ಅದನ್ನ ನಾವು ತೋರಿಸಬೇಕಾಗಿಲ್ಲ ತಾಯಿ. ಹಚ್ಚಿದಾನೆ ಅಂತ ಸರ್ಕಾರ ತೋರಿಸಬೇಕು. ಅದೂ ಬೇಕಂತಲೇ, ಸುಡಲಿ ಅನ್ನೋ ಮನಸ್ಸಿನಿಂದ ಹಚ್ಚಿದಾನೆ ಅಂತ. ಬೆಂಕಿ ಬಿತ್ತು ಅನ್ನೋದು ಒಂದು, ಬೆಂಕಿ ಹಚ್ಚಿದ ಅನ್ನೋದು ಇನ್ನೊಂದು. ಕಾನೂನಿನಲ್ಲಿ ಕೈಯನ್ನೂ ನೋಡ್ತಾರೆ, ಮನಸ್ಸನ್ನೂ ನೋಡ್ತಾರೆ."

"ಹಂಗಾದ್ರೆ ಇದು ಚಲೋ ಕಾನೂನು ಐತೆ ಬಿಡ್ರಿ," ಅಂದಳು ಅವ್ವ. "ನಮ್ಮ ಓಣ್ಯಾಗ ಹಿಂಗಿಲ್ಲ."

ವಕೀಲರು ನಕ್ಕರು. ಆಮೇಲೆ ಸಂದಿಗೆ ಹೋಗಿ ತುಂಬಾ ಹೊತ್ತು ಬಗ್ಗಿ ನೋಡಿದರು. ಒಣಗಿದ ಕೆಸರಿನ ಒಂದು ಹಿಡಿ ತಂದು ಇಮಾಮ್ ಸಾಬರ ಮುಂದೆ ಹಿಡಿದರು. ಸಾಬರು ಬೆರಳಲ್ಲಿ ತಿಕ್ಕಿ ನೋಡಿ, "ಇದು ಭಟ್ಟಿ ಬೂದಿ ಸಾಹೇಬರೇ. ಕಟ್ಟಿಗೆ ಬೂದಿ ಅಲ್ಲ," ಅಂದರು. ಈ ಬೂದಿಯೊಳಗೆ ಕೆಂಡ ಎಷ್ಟು ಹೊತ್ತು ಇರುತ್ತದೆ ಅಂತ ವಕೀಲರು ಕೇಳಿದರು. ಸಾಬರು ನಮ್ಮ ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ, ಹಿಂದಿನ ದಿನದ, ಇನ್ನೂ ನೀರು ಸುರಿಯದ ರಾಶಿಯೊಳಗೆ ಬೆರಳು ಹಾಕಲು ಹೇಳಿದರು. ವಕೀಲರು ಹಾಕಿದರು. ತಕ್ಷಣ ತೆಗೆದು ಬಾಯಿಗಿಟ್ಟುಕೊಂಡರು.

"ನೋಡ್ರಿ, ಓದಿದವರ ಬೆರಳೂ ಸುಡ್ತೈತೆ," ಅಂದರು ಸಾಬರು.

ಪಡಸಾಲೆಗೆ ಬಂದು ಕೂತ ವಕೀಲರು ನಮ್ಮ ಮೂವರನ್ನೂ ನೋಡಿ ಕೇಳಿದರು. "ಆ ಬೂದಿ ಸಂದಿಯಲ್ಲಿ ಹಾಕಿದ್ದು ಯಾರು?"

ಅವರು ತಾವೇ ಮುಂದುವರಿಸಿದರು. "ಹೆದರಬೇಡಿ. ಗೊತ್ತಿಲ್ಲದೆ ಹಾಕಿದ್ದರೆ ಅದು ಬೆಂಕಿ ಹಚ್ಚಿದ ಹಾಗಲ್ಲ. ಹುಷಾರು ತಪ್ಪಿ ಮಾಡಿದ್ದು. ಅದೂ ತಪ್ಪೇ, ಆದರೆ ಸಣ್ಣ ತಪ್ಪು. ಬಹಳ ಅಂದರೆ ದಂಡ ಹಾಕಿ ಕಳಿಸ್ತಾರೆ. ಹಾಕಿದವರು ಬಂದು ನಾನೇ ಅಂದರೆ ಬಸಣ್ಣ ಕೋರ್ಟಿನಿಂದ ತೊಳೆದ ಬಟ್ಟೆ ಹಾಗೆ ಹೊರಗೆ ಬರ್ತಾನೆ. ಯಾರೂ ಬರದಿದ್ದರೆ ಸಂಶಯದ ಮೇಲೆ ಬಿಡ್ತಾರೆ. ಜೈಲು ತಪ್ಪುತ್ತೆ. ಜನರ ಬಾಯಿ ತಪ್ಪೋದಿಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ನೀನೇನಾದ್ರೂ ಹಾಕಿದ್ಯೇನೇ ಗಂಗಿ?"

"ಇಲ್ಲ," ಅಂದೆ.

ಆಗ ಬಸಣ್ಣ ನೆಲ ನೋಡುತ್ತಾ ಹೇಳಿದ. "ಈ ಓಣ್ಯಾಗ ಮನಿಗೊಂದು ಭಟ್ಟಿ ಐತೆ ಸಾಹೇಬರೇ. ಯಾರು ಚೆಲ್ಲಿದ್ರೋ ಏನೋ. ಬಿಡ್ರಿ, ಸಂಶಯನ ಸಾಕು."

ವಕೀಲರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಗದರಲಿಲ್ಲ, ಮತ್ತೆ ಕೇಳಲೂ ಇಲ್ಲ. ಸೈಕಲ್ ಹತ್ತಿ ಹೋದರು.

ಕೋರ್ಟಿನಲ್ಲಿ ಅವರ ಕೆಲಸ ನೋಡಿ ನಾನು ಬೆರಗಾದೆ. ಬಸಣ್ಣ ಬೈದದ್ದನ್ನು ಕೇಳಿದವರ ಪೈಕಿ ಓಣಿಯ ನೀಲವ್ವ ಸಾಕ್ಷಿ ಹೇಳಲು ಬಂದಿದ್ದಳು. ಅವಳನ್ನು ಇವರು ಮೆಲ್ಲಗೆ ಕೇಳಿದರು. "ನೀಲಮ್ಮನೋರೇ, ನಿಮ್ಮ ಮಕ್ಕಳು ಗಲಾಟೆ ಮಾಡಿದರೆ ಏನಂತ ಬೈತೀರಿ?"

"ನಿಮ್ಮ ಬಾಯಿಗೆ ಬೆಂಕಿ ಇಡ ಅಂತೀನ್ರಿ."

"ದಿನಕ್ಕೆ ಎಷ್ಟು ಸಲ?"

"ಅದನ್ನ ಯಾರು ಎಣಿಸ್ತಾರ್ರಿ? ಐದು ಮಕ್ಕಳು."

"ಇಲ್ಲಿ ತನಕ ಎಷ್ಟು ಮಕ್ಕಳ ಬಾಯಿ ಸುಟ್ಟಿದೀರಿ?"

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಸರ್ಕಾರಿ ವಕೀಲರೂ ನಕ್ಕರು. ನೀಲವ್ವ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯ, ಇವರು ಹೆಂಗೆ ಕೇಳ್ತಾರೆ ನೋಡ್ರಿ," ಅಂತ ಮ್ಯಾಜಿಸ್ಟ್ರೇಟ್ ಸಾಹೇಬರಿಗೇ ದೂರು ಹೇಳಿದಳು.

ಮುಂದಿನ ತಾರೀಖಿಗೆ ವಕೀಲರು ಸಾಹೇಬರ ಅಪ್ಪಣೆ ಪಡೆದು ಒಂದು ಬುಟ್ಟಿ ಭಟ್ಟಿ ಬೂದಿಯನ್ನು ಕೋರ್ಟಿನ ಹಿತ್ತಲಿನಲ್ಲಿ ಹಿಂದಿನ ದಿನವೇ ಸುರಿಸಿ, ಕೋರ್ಟಿನ ಜವಾನನನ್ನು ಕಾವಲಿಗಿಟ್ಟಿದ್ದರು. ಮಧ್ಯಾಹ್ನ ಸಾಹೇಬರು ಎದ್ದು ಬಂದರು. ಎಲ್ಲರೂ ಸುತ್ತ ನಿಂತೆವು. ಸಾಹೇಬರು ಬೂದಿಯ ಮೇಲೆ ಅಂಗೈ ಇಟ್ಟು, "ತಣ್ಣಗಿದೆ," ಅಂದರು. ಸರ್ಕಾರಿ ವಕೀಲರೂ ಮುಟ್ಟಿ ನೋಡಿ ತಲೆ ಆಡಿಸಿದರು. ಇಮಾಮ್ ಸಾಬರು ಕಡ್ಡಿಯಿಂದ ಒಂದು ಕಡೆ ಕೆದಕಿ, ಹಿಡಿ ಹತ್ತಿ ಇಟ್ಟು ಹಿಂದೆ ಸರಿದರು. ಏನೂ ಆಗಲಿಲ್ಲ. ಯಾರೋ ಕಿಸಕ್ಕೆಂದರು. ಸಾಬರು, "ಗಾಳಿ ಬರ್ಲಿ ತಡೀರಿ, ಅವಸರ ಮಾಡಿದ್ರೆ ಮಂಡಕ್ಕೀನೂ ಅರಳಲ್ಲ," ಅಂದರು. ಸ್ವಲ್ಪ ಹೊತ್ತಿಗೆ ಹತ್ತಿಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಒಂದು ಎಳೆ ಹೊಗೆ ಎದ್ದಿತು. ಗಾಳಿ ಬೀಸಿದ್ದೇ ತಡ, ಭಗ್ಗನೆ ಹತ್ತಿಕೊಂಡಿತು.

ಅಲ್ಲಿ ನಿಂತು ನನ್ನ ತಪ್ಪು ನನ್ನ ಕಣ್ಣೆದುರಿಗೇ ಇನ್ನೊಂದು ಸಲ ನಡೆಯುವುದನ್ನು ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಸಾಹೇಬರು ಮೂರು ಮಾರು ದೂರದಲ್ಲಿದ್ದರು.

ಕೊನೆಗೆ ಸಾಹೇಬರು, ನೀನೇನಾದರೂ ಹೇಳುವುದಿದೆಯಾ ಅಂತ ಬಸಣ್ಣನನ್ನು ಕೇಳಿದರು. ಅವನು ಕೈ ಜೋಡಿಸಿ ಹೇಳಿದ. "ನಾನು ಹಚ್ಚಿಲ್ರಿ. ಬೈದಿದ್ದು ಮಾತ್ರ ಖರೆ. ಹಂಗೆ ಬೈಬಾರದಿತ್ತು. ರುದ್ರಪ್ಪಣ್ಣ ಇಲ್ಲೇ ಅದಾರೆ, ಬೈದಿದ್ದಕ್ಕೆ ತಪ್ಪಾತು ಅಂತ ಅವರಿಗೆ ಹೇಳ್ತೀನಿ."

ತಾನು ಆಡಿದ ಒಂದು ಮಾತಿಗೆ ಅವನು ತುಂಬಿದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ನಾನು ಹೆಂಗಸರ ಹಿಂದೆ ಸರಿದು ನಿಂತೆ.

ವಕೀಲರು ಹೇಳಿದ ಹಾಗೇ ಆಯಿತು. ಸಂಶಯದ ಲಾಭ ಕೊಟ್ಟು ಬಿಟ್ಟಿದ್ದೇವೆ ಅಂತ ತೀರ್ಪು ಬಂತು. ಅವ್ವ ಮಂಡಕ್ಕಿ ಹಂಚಿದಳು. ಆದರೆ ಮಿಲ್ಲಿನವರು ಆ ಕಾಗದ ಓದಿ, ಸಂಶಯ ಇರುವವನನ್ನು ಹತ್ತಿ ಇರುವ ಜಾಗದಲ್ಲಿ ಇಟ್ಟುಕೊಳ್ಳುವುದು ಹೇಗೆ ಅಂದರು. ಕೆಲಸ ಹೋಯಿತು. ಓಣಿಯವರು ಅವನಿಗೆ ಕೊಳ್ಳಿ ಬಸಣ್ಣ ಅಂತ ಹೆಸರಿಟ್ಟರು. ಹೆಣ್ಣು ಕೊಡುತ್ತೇವೆ ಅಂದಿದ್ದವರು ಆ ಮಾತು ಕೈಬಿಟ್ಟರು. ಬಿಡಿಸಿದ ವಕೀಲರು ಸಿಕ್ಕಾಗಲೆಲ್ಲ ಅವನ ಹೆಗಲ ಮೇಲೆ ಕೈ ಇಟ್ಟು ಮಾತಾಡಿಸುತ್ತಿದ್ದರು. ಅಷ್ಟು ಮಾಡಿದವರು ಊರಲ್ಲಿ ಅವರು ಮತ್ತು ಇಮಾಮ್ ಸಾಬರು, ಇಬ್ಬರೇ.

ನನ್ನ ಮದುವೆ ಮಾತ್ರ ಗೊತ್ತು ಮಾಡಿದ ದಿನವೇ ನಡೆಯಿತು. ಹಂದರ ಹಾಕಿದ್ದೂ ಬಸಣ್ಣ, ಬೀಗರಿಗೆ ಬಡಿಸಿದ್ದೂ ಬಸಣ್ಣ. ಹರಿಹರಕ್ಕೆ ಬಂದೆ. ನನ್ನ ಯಜಮಾನರದು ಸ್ಟೇಷನ್ನಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಬಸಣ್ಣ ಅವ್ವನ ಜೊತೆ ಭಟ್ಟಿಗೆ ಕೂತ. ಮೂರು ವರ್ಷ ಕಳೆದ ಮೇಲೆ ಅವನಿಗೂ ಮದುವೆಯಾಯಿತು, ದೂರದ ಊರಿನ ಬಡವರ ಮನೆಯ ಹೆಣ್ಣು. ಪ್ರತಿ ಪಂಚಮಿಗೆ ಅವನು ರೈಲು ಹತ್ತಿ ಮಂಡಕ್ಕಿ ಚೀಲ ಹೊತ್ತು ನಮ್ಮ ಮನೆಗೆ ಬರುತ್ತಿದ್ದ. ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಒಂದು ಚುಚ್ಚು ಮಾತು ಆಡಲಿಲ್ಲ. ಅವನು ಹೋದ ಮೇಲೆ ನಾನು ಒಳಗೆ ಹೋಗಿ ಕೂತುಬಿಡುತ್ತಿದ್ದೆ. ಹೀಗೆ ಹತ್ತು ವರ್ಷ.

೧೯೬೮ರ ಪಂಚಮಿ. ಎಲ್ಲರೂ ಊಟಕ್ಕೆ ಕೂತಿದ್ದೆವು. ನನ್ನ ದೊಡ್ಡ ಮಗಳು ಎಲ್ಲಿ ಕೇಳಿಕೊಂಡು ಬಂದಿದ್ದಳೋ, "ಮಾಮ, ನೀನು ಬೆಂಕಿ ಹಚ್ಚಿ ಜೈಲಿಗೆ ಹೋಗಿದ್ಯಂತೆ, ಹೌದಾ?" ಅಂದಳು.

ಯಜಮಾನರು ಗದರಿದರು. ಬಸಣ್ಣ ಅನ್ನ ಕಲಸುತ್ತಾ ನಕ್ಕ. "ಹೋಗಿದ್ನವ್ವ. ಹನ್ನೊಂದು ದಿನ. ಸಾರು ನಿಮ್ಮವ್ವನ ಸಾರಿಗಿಂತ ಚಲೋ ಇತ್ತು."

ಎಲ್ಲರೂ ನಕ್ಕರು. ಮಗಳು ಮಾತ್ರ ನಗಲಿಲ್ಲ. ಮಗು ಅವನನ್ನು ನೋಡುತ್ತಿದ್ದ ರೀತಿ ನನಗೆ ತಡೆಯಲಾಗಲಿಲ್ಲ. ಅದಕ್ಕೆ ಮಾಮನ ಮೇಲೆ ಹೆದರಿಕೆ ಬಂದಿತ್ತು. "ಆ ಬೂದಿ ಹಾಕಿದಾಕಿ ನಾನು," ಅಂದೆ. ಯಜಮಾನರಿಗೆ ಅರ್ಥವಾಗಲಿಲ್ಲ. ಎಲ್ಲಾ ಬಿಡಿಸಿ ಹೇಳಿದೆ.

ಬಸಣ್ಣ ಊಟ ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು," ಅಂದ. "ಅವತ್ತು ಬೆಳಿಗ್ಗೆ ಪಾಳಿ ಮುಗಿಸಿ ಬಂದಾಗ ಸಂದ್ಯಾಗ ಬೂದಿ ಕಂಡಿದ್ದೆ. ಎದ್ದ ಮ್ಯಾಲೆ ಎರಡು ಕೊಡ ನೀರು ಹಾಕಾಣ ಅಂತ ಮಲಗಿದೆ. ಅರ್ಧ ತಪ್ಪು ನಂದು. ನಿನ್ನ ಹೆಸರು ಯಾಕ ತರ್ಲಿ? ಮದುವಿ ಬೇರೆ ಗೊತ್ತಾಗಿತ್ತು."

ನಾನು ಹೇಳದೆ ಬಿಟ್ಟದ್ದನ್ನೆಲ್ಲ ಅವನು ಹತ್ತು ವರ್ಷದಿಂದ ನನಗಾಗಿ ಹೊತ್ತಿದ್ದ. ಯಜಮಾನರು ಎದ್ದು ಕೈ ತೊಳೆದು ಬಂದು, "ನನಗೆ ಆಗಲೇ ಹೇಳಿದ್ರೂ ನಾನೇನು ಮದುವೆ ಮುರಿತಿರ್ಲಿಲ್ಲ," ಅಂತ ಮೆಲ್ಲಗೆ ಅಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಮಾರನೇ ದಿನ ಬೆಳಿಗ್ಗೆ ಅವನ ಜೊತೆ ನಾನೂ ದಾವಣಗೆರೆಯ ಬಸ್ಸು ಹತ್ತಿದೆ. "ಈಗ ಯಾಕ ಬ್ಯಾಡ ಬಿಡು, ಎಲ್ಲಾರೂ ಮರ್ತಾರೆ," ಅಂತ ದಾರಿಯುದ್ದಕ್ಕೂ ಅಂದ. ಮರೆತಿರಲಿಲ್ಲ. ಬಸ್ಸಿಳಿದು ಓಣಿಗೆ ಬರುವಾಗಲೇ ಯಾರೋ, "ಏನ್ ಕೊಳ್ಳಿ, ತಂಗೀನ ಕರ್ಕೊಂಡು ಬಂದ್ಯಾ?" ಅಂತ ಕರೆದರು. ಅವನು, "ಹೂಂನಪ್ಪ," ಅಂತ ಓಗೊಟ್ಟ.

ಬಸ್ಸಿನಲ್ಲಿ ಕೂತಾಗಿನಿಂದಲೂ ನಾನು ವಕೀಲರ ಮಾತನ್ನೇ ನೆನೆಸಿಕೊಳ್ಳುತ್ತಿದ್ದೆ. ಕೈಯನ್ನೂ ನೋಡ್ತಾರೆ, ಮನಸ್ಸನ್ನೂ ನೋಡ್ತಾರೆ ಅಂದಿದ್ದರು. ಬೂದಿ ಸುರಿದಾಗ ಸುಡಲಿ ಅನ್ನುವ ಮನಸ್ಸು ನನಗಿರಲಿಲ್ಲ. ಅದು ಹುಷಾರು ತಪ್ಪಿ ಆದದ್ದು. ಸುಮ್ಮನೆ ಕೂತದ್ದು ಮಾತ್ರ ಗೊತ್ತಿದ್ದೇ, ಬೇಕಂತಲೇ ಮಾಡಿದ್ದು. ಆ ತಪ್ಪಿಗೆ ಯಾವ ಕೋರ್ಟಿನಲ್ಲಿ ಯಾವ ಶಿಕ್ಷೆ ಇದೆಯೋ ನನಗೆ ಈಗಲೂ ಗೊತ್ತಿಲ್ಲ.

ಸುಟ್ಟ ಶೆಡ್ಡಿನ ಜಾಗದಲ್ಲಿ ಕಟ್ಟಿದ ರುದ್ರಪ್ಪಣ್ಣನ ಗಾದಿ ಅಂಗಡಿಯಲ್ಲಿ ಬೆಳಗಿನ ಚಹಾಕ್ಕೆ ಓಣಿಯವರು ಕೂಡುವುದು ರೂಢಿ. ನೀಲವ್ವ ಇದ್ದಳು. ಇಮಾಮ್ ಸಾಬರು ಕೋಲೂರಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಇನ್ನೂ ಏಳೆಂಟು ಜನ. ರುದ್ರಪ್ಪಣ್ಣ ನನ್ನನ್ನು ನೋಡಿ, "ಬಾರವ್ವ ಗಂಗವ್ವ, ಹರಿಹರದಾಗ ಎಲ್ಲಾರೂ ಆರಾಮ ಅದಾರೇನು? ಕೂಡು," ಅಂದರು.

ಬಸಣ್ಣ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದ. ನಾನು ಕೂಡಲಿಲ್ಲ. ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳಲಿ ಅಂತ ಗಟ್ಟಿಯಾಗಿ ಹೇಳಿದೆ.

"ರುದ್ರಪ್ಪಣ್ಣ, ನಿಮ್ಮ ಶೆಡ್ಡು ಸುಟ್ಟಿದ್ದು ನಾನು ಹಾಕಿದ ಬೂದಿಯಿಂದ. ನಮ್ಮಣ್ಣ ಕಡ್ಡಿ ಗೀರಿಲ್ಲ. ನಂಗೆ ಅವತ್ತೇ ಗೊತ್ತಿತ್ತು, ಹೆದರಿ ಹೇಳ್ಲಿಲ್ಲ. ನಿಮಗೆ ತಪ್ಪಾತು ಅಂತೀನಿ. ಅಣ್ಣಾ, ನಿಂಗೂ ತಪ್ಪಾತು. ನಂದು ತಪ್ಪಾತು."